ತುಪ್ಪದನ್ನದ ತಟ್ಟೆಯ ನಾಲ್ಕು ನಿಮಿಷ

ಮಾನ್ಯ ಅಹ್ಮದ್ ಬಾವ ಅಂಕಲ್ ಅವರಿಗೆ ಅನಂತ ಸಲಾಂಗಳು.

ಮಾನ್ಯರೇ, ನನಗೆ ಮದುವೆಯಾಯಿತು, ಅದೂ ನಾನು ಇಷ್ಟಪಟ್ಟ ಅರಾಫತ್ ಜೊತೆಗೇ! ಅಪ್ಪನ ಹಳೆಯ ವ್ಯಾಪಾರದ ಗೆಳೆಯರಾದ ತಾವೇ ಬಂದು ಹೊಟ್ಟೆತುಂಬ ಉಂಡು ಹೋಗಿದ್ದೀರಿ, ಆದರೂ ಹತ್ತೊಂಬತ್ತು ದಿನಗಳಿಂದ ಸಿಕ್ಕಿದವರಿಗೆಲ್ಲ ಇದನ್ನೇ ಹೇಳುತ್ತಿರುವ ನನಗೆ ತಮ್ಮೊಬ್ಬರನ್ನು ಬಿಡಲು ಮನಸ್ಸಾಗಲಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಬೇಕು; ಬೇಡದ್ದನ್ನು ಕತ್ತರಿಸಿ ತೆಗೆಯುವುದರಲ್ಲಿ ತಮಗಿರುವ ಅನುಭವ ನನಗಿಲ್ಲ.

ನನ್ನ ದೂರು ಬಹಳ ಚಿಕ್ಕದು, ಬರೀ ನಾಲ್ಕು ನಿಮಿಷದ್ದು. ನಮ್ಮ ಬ್ಯಾರಿ ಮದುವೆಯಲ್ಲಿ ಗಂಡಸರ ಕಡೆ ಒಂದೊಂದು ದೊಡ್ಡ ತಟ್ಟೆಯ ಸುತ್ತ ನಾಲ್ಕೈದು ಮಂದಿ ಕೂತು ಒಟ್ಟಿಗೆ ಉಣ್ಣುವಾಗ ಮದುಮಗ ತಟ್ಟೆಯಿಂದ ತಟ್ಟೆಗೆ ಹೋಗಿ ಉಪಚರಿಸುತ್ತಾನೆ. ಹೆಂಗಸರ ಕಡೆ ಕೂತಿದ್ದ ನಾನು, ಕ್ರೀಮ್ ಕೋಟಿನ ನನ್ನ ಅರಾಫತ್ ಹಾಗೆ ಓಡಾಡಿದ್ದನ್ನು ವಿಡಿಯೋದಲ್ಲಾದರೂ ಕಣ್ತುಂಬ ನೋಡೋಣವೆಂದು ಕಾದದ್ದೇ ಕಾದದ್ದು. ವಿಡಿಯೋ ಬಂತು, ಐಸ್‌ಕ್ರೀಮ್ ಕೌಂಟರ್ ಇದೆ, ಪಾರ್ಕಿಂಗ್ ಇದೆ, ಕೈ ತೊಳೆಯುವ ಬೇಸಿನ್ ಎರಡೆರಡು ಸಲ ಇದೆ, ನನ್ನ ಗಂಡ ಮಾತ್ರ ಇಲ್ಲ. ವಿಡಿಯೋ ತೆಗೆದ ಇಮ್ತಿಯಾಝ್‌ನನ್ನು ಕೇಳಿದರೆ, “ಎಂತ ಮಾಡುದು ಸುಮಯ್ಯಾ, ಆ ನಾಲ್ಕು ನಿಮಿಷ ಲೈಟ್ ಸರಿ ಇಲ್ಲ ಅಂತ ಬಾವಾಕ ಫೋನ್ ಮಾಡಿದ್ರು, ಡಿಲೀಟ್ ಮಾಡಿದೆ” ಎಂದ.

ಬೆಳಕಿನ ವಿಷಯದಲ್ಲಿ ತಾವು ಇಷ್ಟು ಸೂಕ್ಷ್ಮ ಎಂದು ತಿಳಿದು ಅಭಿಮಾನ ಉಕ್ಕಿತು. ಮದುವೆಯಾದ ವಾರಕ್ಕೆ, ಪತ್ರಿಕೆಯ ವರದಿಗಾರನಾದ ನನ್ನ ಗಂಡ, ಪಾಲಿಕೆ ಚುನಾವಣೆಗೆ ಎದುರಾಳಿಗಳಾದ ಎರಡು ಪಕ್ಷಗಳ ಅಭ್ಯರ್ಥಿಗಳನ್ನೂ ಬಂದರಿನ ತಮ್ಮ ಗೋದಾಮಿನಲ್ಲೇ ಆರಿಸಲಾಗುತ್ತದೆ ಎಂದು ಬರೆದ. ಆ ಎರಡೂ ಪಕ್ಷಗಳ ಜಿಲ್ಲಾಧ್ಯಕ್ಷರನ್ನು ತಾವು ಜೀವಮಾನದಲ್ಲಿ ಭೇಟಿಯೇ ಆಗಿಲ್ಲವೆಂದು ತಮ್ಮ ವಕೀಲರ ನೋಟಿಸ್ ಬಂತು. ಈ ಶುಕ್ರವಾರದೊಳಗೆ ಸಾಕ್ಷಿ ಕೊಡದಿದ್ದರೆ ಮುಖಪುಟದಲ್ಲಿ ಕ್ಷಮಾಪಣೆ, ಅರಾಫತ್‌ಗೆ ಮನೆ ದಾರಿ, ಎಂದು ಸಂಪಾದಕರು ಹೇಳಿದ್ದಾರೆ. ಅದೇ ಇಬ್ಬರು ಅಧ್ಯಕ್ಷರು ಮದುವೆಯಂದು ತಮ್ಮ ಆಚೆ ಈಚೆ ಒಂದೇ ತಟ್ಟೆಗೆ ಕೈ ಹಾಕಿ ಕೂತಿದ್ದರೆಂದು ಇಮ್ತಿಯಾಝ್ ಬಾಯಿಬಿಟ್ಟಾಗ ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಎರಡು ವರ್ಷ ಇದೇ ಸಾಕ್ಷಿಗಾಗಿ ಅಲೆದ ಮನುಷ್ಯ, ಫೋಟೋದಲ್ಲಿ ಹೊಳೆಯುತ್ತದೆಂದು ಕನ್ನಡಕ ತೆಗೆದಿಟ್ಟು, ಆ ಮೂವರಿಗೆ ತನ್ನ ಕೈಯಾರೆ ಎರಡು ಸಲ ತುಪ್ಪದನ್ನ ಬಡಿಸಿ, ನಾಚಿಕೆ ಮಾಡಬೇಡಿ ಎಂದು ಉಪಚಾರ ಹೇಳಿ ಬಂದಿದ್ದಾನೆ! ಕಂಡವರು ಮುನ್ನೂರು ಜನ. ಸಾಕ್ಷಿ ಹೇಳಿ ಎಂದರೆ ಎಲ್ಲರೂ ಅಂದು ತಮ್ಮ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರಂತೆ.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ತಾವು ಮೂವರೂ ಅದೇ ಮದುವೆ ಹಾಲ್‌ನಲ್ಲಿ ಅದೇ ತಟ್ಟೆಯ ಸುತ್ತ ಮತ್ತೊಮ್ಮೆ ಕೂರಬೇಕು, ಅರಾಫತ್ ಮತ್ತೊಮ್ಮೆ ಬಡಿಸುತ್ತಾನೆ, ಈ ಸಲ ಲೈಟಿನ ಜವಾಬ್ದಾರಿ ನಮ್ಮದು. ಇದು ಕಷ್ಟವಾದರೆ, ಎರಡೂ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ, ತಾವು ಹೊಂದಿಯೇ ಇಲ್ಲದ ಆ ಹುದ್ದೆಗೆ ದೊಡ್ಡ ಮನಸ್ಸು ಮಾಡಿ ರಾಜೀನಾಮೆ ಕೊಡಬೇಕು. ಮತದಾರರು ಅಭ್ಯರ್ಥಿಗಳನ್ನು ಸ್ವತಃ ಸೋಲಿಸುವಷ್ಟು ದೊಡ್ಡವರಾಗಿದ್ದಾರೆ.

ನಾಲ್ಕು ನಿಮಿಷ ಕಡಿಮೆ ಮದುವೆಯಾದ, ತಮ್ಮ ವಿಶ್ವಾಸಿ,
ಸುಮಯ್ಯಾ ಅರಾಫತ್

ಮರೆತ ಮಾತು: ಹೊಸ ಜೋಡಿಗೆ ಔತಣವೆಂದು ಮದುವೆಗೆ ಬಂದು ಹೋದ ಶಾಹುಲ್ ಮಾಮ ನಮ್ಮನ್ನು ಠಾಣೆಗೆ (ಪೊಲೀಸ್ ಠಾಣೆಯಲ್ಲ, ಅವರು ಇರುವ ಊರು) ಕರೆಸಿಕೊಂಡಿದ್ದಾರೆ. “ನಿನ್ನ ಮಾಮ ಫೋನಲ್ಲಿ ಬರೀ ಊಟವನ್ನೇ ತೆಗೆದದ್ದು ಮಾರಾಯ್ತಿ, ಮದುಮಗಳು ಒಂದು ಕಡೆಯೂ ಇಲ್ಲ” ಎಂದು ಮದುವೆಗೆ ಬರಲಾಗದಿದ್ದ ಸುಹರಾ ಮಾಮಿ ನಿನ್ನೆ ಗೊಣಗಿದರು. ನೋಡಿದೆವು. ಅರಾಫತ್ ಕೋಟಿನಲ್ಲಿ ಎಷ್ಟು ಚೆಂದ ಕಾಣುತ್ತಾನೆ ಅಂತೀರಿ! ಪಕ್ಕದಲ್ಲೇ ತಮ್ಮ ಧ್ವನಿಯೂ ಸ್ಪಷ್ಟವಾಗಿದೆ: “ನಮ್ಮ ವಾರ್ಡಿಗೆ ಇವರು ಸೋಲುವವನನ್ನು ಹಾಕಲಿ, ಪಕ್ಕದ್ದಕ್ಕೆ ನೀವು ಹಾಕಿ, ಮುಗೀತು. ಈಗ ಉಣ್ಣಿ ಮಾರಾಯ್ರೆ, ತಣ್ಣಗಾಗ್ತದೆ.” ಕಳಿಸಿದ ಪ್ರತಿ ಸಾಲದು, ಆ ಫೋನೇ ಬೇಕೆಂದು ಸಂಪಾದಕರು ಹೇಳಿದ್ದರಿಂದ, ಫೋನ್ ಮತ್ತು ಶಾಹುಲ್ ಮಾಮನ ಸಮೇತ ನಾವು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಯುವುದು ಗುರುವಾರ ಬೆಳಿಗ್ಗೆ, ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ.