ಜರ್ಮನ್ ಅಂತಸ್ತಿನ ಹುಳುಗಳು

ನಾನು ತುಂಬ ಕಡಿಮೆ ಮಾತಾಡುವ ಹುಡುಗಿ. ಹಾಗಿದ್ದೂ ನಮ್ಮ ಮನೆಯಲ್ಲಿ ನನ್ನ ಮೇಲೆ ಬಂದಷ್ಟು ಅನುಮಾನ ಬೇರೆ ಯಾರ ಮೇಲೂ ಬಂದಿಲ್ಲ. ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಿದ್ದಾಳೆ ಎನ್ನುತ್ತಾರೆ. ಬಾಯಿ ಬಿಟ್ಟರೆ ಯಾರ ಹತ್ತಿರ ಮಾತಾಡುತ್ತಿದ್ದಾಳೆ ಎನ್ನುತ್ತಾರೆ. ಈ ಎರಡಕ್ಕೂ ಸಿಗದ ಒಂದು ದಾರಿ ಹುಡುಕಲು ಹೋಗಿ ನಾನು ಜಪಾನಿ, ಜರ್ಮನ್, ಸ್ಪ್ಯಾನಿಷ್, ಕೊರಿಯನ್ ಎಂಬ ನಾಲ್ಕು ಭಾಷೆಗಳನ್ನು ಒಟ್ಟಿಗೆ ಕಲಿಯಲು ಹೊರಟೆ. ಅದರಿಂದ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. (ಎಲ್ಲಾದರೂ ಸ್ವಲ್ಪ ಸೇರಿಸಿದರೆ, ಸೇರಿಸಿದ್ದೇನೆ ಎಂದು ಅಲ್ಲಿಯೇ ತಿಳಿಸುತ್ತೇನೆ.)

ಮೊದಲು ಕಾಲೇಜಿನ ವಿಷಯ. ಶಿಡ್ಲಘಟ್ಟದಲ್ಲಿ ಪಿಯುಸಿಗೆ ಸೇರಿದ್ದೆ. ಅಲ್ಲಿ ಒಬ್ಬರು ಮೇಡಂ ದಿನಕ್ಕೊಬ್ಬರನ್ನು ‘ಎದ್ದು ನಿಂತು ಹೇಳು’ ಎನ್ನುತ್ತಿದ್ದರು. ನಾನು ಏಳುತ್ತಿದ್ದೆ, ನಿಲ್ಲುತ್ತಿದ್ದೆ. ಹೇಳುವುದು ಮಾತ್ರ ಆಗುತ್ತಿರಲಿಲ್ಲ. ಕನ್ನಡದಲ್ಲಿ ತಪ್ಪಿದರೆ ಮುಂದಿನ ಬೆಂಚು ನಗುತ್ತಿತ್ತು, ಇಂಗ್ಲಿಷಿನಲ್ಲಿ ತಪ್ಪಿದರೆ ಹಿಂದಿನ ಬೆಂಚೂ ಸೇರಿಕೊಳ್ಳುತ್ತಿತ್ತು. ಕೊನೆಗೆ ಮೇಡಂ ‘ಸರಿ, ಕೂತ್ಕೋ’ ಎನ್ನುತ್ತಿದ್ದರು. ಒಂದು ದಿನ ಕೂತವಳು ಮತ್ತೆ ಹೋಗಲಿಲ್ಲ.

ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ನಮ್ಮದು ಮೇಲೂರಿನ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟವಿದೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳು ಮನೆಯಿದೆ. ಅಪ್ಪ ಚನ್ನಕೇಶವ, ಕೂಗಾಡದೆ ತೀರ್ಪು ಕೊಡುವ ಮನುಷ್ಯ. ‘ಈ ಸಾರಿ ಬೆಳೆ ನೀನೇ ತೆಗಿಯಮ್ಮ. ಗೂಡು ಚೆನ್ನಾಗ್ ಬಂದ್ರೆ ಹುಳು ಮನೆ ನಿಂದು, ನಾನು ಇನ್ನೊಂದು ಮಾತಾಡಲ್ಲ. ಕೆಟ್ರೆ ಮಾತ್ರ ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೋಗ್ಬೇಕು’ ಎಂದರು.

ಹುಳು ಮನೆಗಿಂತ ಒಳ್ಳೆಯ ಜಾಗ ನನಗೆ ಈ ಭೂಮಂಡಲದಲ್ಲಿ ಇರಲಿಲ್ಲ. ಹುಳು ಇರುವಾಗ ಅಲ್ಲಿಗೆ ಕಂಡಕಂಡವರು ಬರುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಮುಖಕ್ಕೆ ಪೌಡರ್ ಹಾಕಿಕೊಂಡವರು, ಸೆಂಟು ಹಾಕಿಕೊಂಡವರು ಆಚೆಯೇ. ಅಂದರೆ ನನ್ನನ್ನು ಎದ್ದು ನಿಂತು ಹೇಳು ಎನ್ನುವವರು ಯಾರೂ ಒಳಗೆ ಬರಲಾರರು. ಆಗಲೇ ನನಗೆ ಆ ಮಹಾಯೋಚನೆ ಹೊಳೆದದ್ದು. ನನಗೆ ಮಾತು ಬರದಿರುವುದು ತಪ್ಪಿನ ಭಯದಿಂದ. ಕನ್ನಡದಲ್ಲಿ ತಪ್ಪು ಹಿಡಿಯಲು ಊರೆಲ್ಲ ಇದೆ. ತೆಲುಗಿಗೂ ಊರೆಲ್ಲ ಇದೆ. ಆದರೆ ನಾನು ಜರ್ಮನ್ ಭಾಷೆಯನ್ನು ತಪ್ಪು ತಪ್ಪಾಗಿ ಮಾತಾಡಿದರೆ ಹಿಡಿಯುವವರು ದಿಬ್ಬೂರಹಳ್ಳಿಯವರೆಗೆ ಹುಡುಕಿದರೂ ಸಿಗುವುದಿಲ್ಲ.

ಒಂದೇ ಭಾಷೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ನಾನು ಎಚ್ಚರಿಕೆಯ ಹುಡುಗಿ. ಒಂದನ್ನೇ ನೆಚ್ಚಿಕೊಂಡು ಅದು ನನಗೆ ಒಗ್ಗದೆ ಹೋದರೆ? ಹೀಗಾಗಿ ಮೊಬೈಲಿಗೆ ಭಾಷೆ ಕಲಿಸುವ ಒಂದು ಆಪ್ ಹಾಕಿಕೊಂಡು ನಾಲ್ಕಕ್ಕೂ ಕೈ ಹಾಕಿದೆ. ಮೊದಮೊದಲು ಜಪಾನಿಯಲ್ಲಿ ಹೊರಟ ವಾಕ್ಯ ಸ್ಪ್ಯಾನಿಷ್‌ನಲ್ಲಿ ಹೋಗಿ ನಿಲ್ಲುತ್ತಿತ್ತು. ಅದಕ್ಕೂ ಉಪಾಯ ಮಾಡಿದೆ. ನಮ್ಮ ಹುಳು ಸಾಕುವ ಸ್ಟ್ಯಾಂಡುಗಳಿಗೆ ಒಂದರ ಮೇಲೊಂದು ನಾಲ್ಕು ಅಂತಸ್ತು. ಮೇಲಿನದು ಜಪಾನಿಗೆ, ಅದರ ಕೆಳಗಿನದು ಜರ್ಮನ್‌ಗೆ, ಆಮೇಲೆ ಸ್ಪ್ಯಾನಿಷ್, ನೆಲಕ್ಕೆ ಹತ್ತಿರದ್ದು ಕೊರಿಯನ್. ಯಾವ ಅಂತಸ್ತಿಗೆ ಸೊಪ್ಪು ಹಾಕುತ್ತೇನೋ ಆ ಭಾಷೆ ಮಾತ್ರ ಬಾಯಲ್ಲಿ. ಕೈ ಕೆಳಗಿಳಿದರೆ ಭಾಷೆ ಬದಲಾಯಿತು. ಒಂದು ವಾಕ್ಯ ಬಾಯಿಗೆ ಸರಿಯಾಗಿ ಕೂರುವವರೆಗೆ ಮುಂದಿನದಕ್ಕೆ ಹೋಗಬಾರದೆಂದು ನನಗೆ ನಾನೇ ನಿಯಮ ಹಾಕಿಕೊಂಡೆ. (ಈ ನಿಯಮವೇ ನನ್ನನ್ನು ಕೊಂದದ್ದು.)

ನನ್ನ ಲೆಕ್ಕದಲ್ಲಿ ತಪ್ಪಿದ್ದು ಕಿಟಕಿ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಅದಕ್ಕೆ ಬಲೆ ಹೊಡೆದಿದ್ದೇವೆ. ಬಲೆ ನೊಣವನ್ನು ತಡೆಯುತ್ತದೆ, ಮಾತನ್ನಲ್ಲ.

ಮೊದಲು ಕೇಳಿಸಿಕೊಂಡದ್ದು ಅಮ್ಮ ಕವಿತ. ಹುಳು ಮನೆಯೊಳಗಿಂದ ಮೆಲ್ಲನೆಯ ದನಿ, ನಡುನಡುವೆ ಮೊಬೈಲಿನಲ್ಲಿ ಒಬ್ಬ ಗಂಡಸಿನ ದನಿ. ಅಮ್ಮ ಕಾಲು ಅದ್ದಿಕೊಂಡು ಒಳಗೆ ಬಂದು ಮೊಬೈಲ್ ಕಿತ್ತುಕೊಂಡಳು. ಅದರಲ್ಲಿ ಒಂದು ಕಾರ್ಟೂನ್ ಕರಡಿ ಕೈ ಬೀಸುತ್ತಿತ್ತು. ಆಪ್‌ನಲ್ಲಿ ಪಾಠ ಹೇಳುವುದು ಆ ಕರಡಿಯೇ. ‘ನೀನು ನಿನ್ನೆ ಬರಲಿಲ್ಲ, ನನಗೆ ಬೇಜಾರಾಯಿತು’ ಎಂದು ಕೆಳಗೆ ಬರೆದಿತ್ತು. ನಾನು ಎಷ್ಟು ಬಿಡಿಸಿ ಹೇಳಿದರೂ ಅಮ್ಮ ಒಪ್ಪಲಿಲ್ಲ. ‘ಕರಡಿಗೆ ಯಾಕೆ ಬೇಜಾರಾಗ್ತದೆ? ಕರಡಿ ಹಿಂದೆ ಯಾರೋ ಇದಾನೆ’ ಎಂದಳು. ಆಮೇಲೆ ಕೆಲವು ದಿನ ಅವಳೇ ಮೊಬೈಲ್ ಹಿಡಿದು ಕರಡಿಯ ಮುಂದೆ ಕಾವಲು ಕೂತಳು. ಹಿಂದಿನಿಂದ ಯಾರೂ ಬರಲಿಲ್ಲ. ಮೊಬೈಲ್ ವಾಪಸ್ಸು ಬಂತು, ಅನುಮಾನ ಮಾತ್ರ ಹೋಗಲಿಲ್ಲ.

ಅಜ್ಜಿಯ ಅನುಮಾನ ಇನ್ನೂ ಮೇಲಿನ ದರ್ಜೆಯದು. ನಮ್ಮ ಅಜ್ಜಿ ಚಿಕ್ಕವೆಂಕಟಮ್ಮ ಕಿಟಕಿಯ ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುವ ನೆಪದಲ್ಲಿ ಕೂತಿರುತ್ತಿದ್ದರು. ಬಿಡಿಸಿದ ಹಣ್ಣು ಮಾತ್ರ ದಿನದಿನಕ್ಕೂ ಕಡಿಮೆಯಾಗುತ್ತಿತ್ತು. ನಾನು ದಿನಾ ಅದೇ ಮಾತನ್ನು, ಅದೇ ಅಂತಸ್ತಿನ ಮುಂದೆ, ಅದೇ ರಾಗದಲ್ಲಿ ಹೇಳುವುದು ಅವರಿಗೆ ಗೊತ್ತಾಯಿತು. ಇದು ಪ್ರೇಮ ಅಲ್ಲ, ಜಪ ಎಂದು ಅವರು ತೀರ್ಮಾನಿಸಿದರು. ನನ್ನನ್ನು ಏನೂ ಕೇಳಲಿಲ್ಲ. ಜಪ ಮಾಡುವವರನ್ನು ಕೇಳಬಾರದಂತೆ.

ಅಷ್ಟರಲ್ಲಿ ಹುಳುಗಳು ಜ್ವರಕ್ಕೆ ಕೂತವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಒಂದು ಅಂತಸ್ತಿನ ತುಂಬ ತಲೆ ಎತ್ತಿ ಕೂತವರ ಮುಂದೆ ನಾನು ಜರ್ಮನ್ ಹೇಳಿದೆ. ಅಷ್ಟು ಮರ್ಯಾದೆಯಿಂದ ನನ್ನ ಮಾತನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಒಬ್ಬರೂ ನಗಲಿಲ್ಲ.

ಕೊನೆಯ ಜ್ವರ ಎದ್ದ ಮೇಲೆ ವ್ಯತ್ಯಾಸ ಕಂಡಿತು. ಜರ್ಮನ್ ಅಂತಸ್ತಿನ ಹುಳುಗಳು ದುಂಡಗೆ, ಬೆಳ್ಳಗೆ, ಮಳೆ ಹುಯ್ದ ಹಾಗೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. (ಆ ಸದ್ದು ಮೇಲೂರಿಗೂ ಕೇಳಿಸುತ್ತಿತ್ತು. ಇದು ಸೇರಿಸಿದ್ದು.) ಕೊರಿಯನ್ ಅಂತಸ್ತು ಮಂಕಾಗಿತ್ತು. ಕಾರಣ ನನಗೆ ಗೊತ್ತಿತ್ತು. ಜರ್ಮನ್ ಅಂತಸ್ತು ನನ್ನ ಎದೆಯ ಎತ್ತರಕ್ಕಿದೆ, ಸೊಪ್ಪು ಒಂದೇ ಸಮ ಹರಡಲು ಬರುತ್ತದೆ, ಗಾಳಿಯೂ ಚೆನ್ನಾಗಿ ಆಡುತ್ತದೆ. ಕೊರಿಯನ್ ಕೆಳಗಿದೆ, ನೆಲದ ಥಂಡಿ ಹೊಡೆಯುತ್ತದೆ. ಇದನ್ನು ಹೇಳಿದರೆ ಅಜ್ಜಿ ‘ಹೂಂ, ಹೂಂ, ಹಂಗೇ ಹೇಳ್ಬೇಕು’ ಎಂದು ಕಣ್ಣು ಹೊಡೆದರು. ಗುಟ್ಟು ಕಾಯುವುದರಲ್ಲಿ ನಾವಿಬ್ಬರೂ ಒಂದು ಪಾರ್ಟಿ ಎಂದು ಅವರ ಭಾವನೆ.

ಇಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಆಂಜಿನಮ್ಮ ಚಿಕ್ಕಮ್ಮನ ಹುಳುಗಳಿಗೆ ಹಾಲು ರೋಗ ಬಂತು. ಮೈ ಊದಿಕೊಂಡು, ಒಡೆದರೆ ಹಾಲಿನಂಥ ನೀರು ಬರುವ ಕಾಯಿಲೆ ಅದು. ಚಿಕ್ಕಮ್ಮ ಚಿಂತಾಮಣಿ ಕಡೆಯವರು, ಬೇಸರವಾದರೆ ತೆಲುಗು ಬಂದುಬಿಡುತ್ತದೆ. ಹಾಲಿನ ಡೈರಿಯ ಕೋನಪ್ಪ ತಾತನನ್ನು ಕರೆದುಕೊಂಡೇ ನಮ್ಮ ಜಗಲಿಗೆ ಬಂದರು. ಕೋನಪ್ಪ ತಾತ ಬಂದರೆ ಅದು ಪಂಚಾಯಿತಿ ಎಂದೇ ಅರ್ಥ.

‘ಏಮ್ಮಾ ಚೈತೂ, ನಿಮ್ಮ ಹುಳು ಮನೆ ಕಿಟಕಿ ನಮ್ಮ ಹುಳು ಮನೆ ಕಡೆಗೇ ಅಲ್ವಾ ಇರೋದು’ ಎಂದರು ಚಿಕ್ಕಮ್ಮ. ‘ದಿನಾ ಈ ಕಡೆ ಮುಖ ಮಾಡ್ಕೊಂಡು ಅದೇನೋ ಹೇಳ್ತೀಯಂತೆ. ನಿಮ್ಮ ಹುಳ ಬಲೀತು, ನಮ್ಮದು ಕೊಳೀತು. ನಾವು ಕೇಳ್ಬಾರ್ದಾ?’

ಅಜ್ಜಿ ನನ್ನ ಪರವಾಗಿ ನಿಂತರು. ‘ನಮ್ಮ ಹುಡ್ಗಿ ಏನೂ ಮಾಡಿಲ್ಲ ಕಣೇ ಆಂಜಿನಿ. ಮಾಡಿದ್ರೂ ನಮ್ಮ ಹುಳಕ್ಕೆ ಮಾತ್ರ ಮಾಡಿರ್ತಾಳೆ.’

ಈ ವಕಾಲತ್ತಿನಿಂದ ನಾನು ಪೂರ್ತಿ ಮುಳುಗಿದೆ. ಅಪ್ಪ ಕಂಬಕ್ಕೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದರು. ಊರಿನಲ್ಲಿ ಇಂಥ ಮಾತು ಎದ್ದರೆ ಹುಳು ಮನೆಯ ಬೀಗದ ಕೈ ನನ್ನ ಕೈಯಲ್ಲಿ ಉಳಿಯುವುದಿಲ್ಲ, ಬೆಳೆ ಎಷ್ಟೇ ಚೆನ್ನಾಗಿ ಬಂದಿರಲಿ. ಇದು ನನಗೂ ಗೊತ್ತು, ಅವರಿಗೂ ಗೊತ್ತು.

ಕೋನಪ್ಪ ತಾತ ಗಂಟಲು ಸರಿಮಾಡಿಕೊಂಡು, ‘ಭಯ ಬೀಳ್ಬೇಡಮ್ಮ. ಒಳಗೆ ಹೇಳೋದನ್ನ ಇಲ್ಲಿ ಹೇಳು, ಅರ್ಥಾನೂ ಹೇಳು. ಎದ್ದು ನಿಂತ್ಕೊಂಡು ಹೇಳು’ ಎಂದರು.

ನಾನು ಎದ್ದೆ. ನಿಂತೆ. ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ಕಾಲೇಜು ಬಿಟ್ಟೆನೋ ಅದು ಜಗಲಿಯವರೆಗೆ ಹುಡುಕಿಕೊಂಡು ಬಂದಿತ್ತು. ಆದರೆ ಬೀಗದ ಕೈ ನೆನಪಾಗಿ, ಕಣ್ಣು ಮುಚ್ಚಿಕೊಂಡು, ಎದುರಿಗಿರುವವರೆಲ್ಲ ಜ್ವರಕ್ಕೆ ಕೂತ ಹುಳುಗಳು ಎಂದುಕೊಂಡು ಶುರುಮಾಡಿದೆ.

ಮೊದಲು ಜಪಾನಿ. ‘ಸುಮಿಮಾಸೆನ್, ಎಕಿ ವಾ ದೋಕೋ ದೆಸ್ ಕಾ.’ ಕ್ಷಮಿಸಿ, ರೈಲ್ವೆ ಸ್ಟೇಷನ್ ಎಲ್ಲಿದೆ ಎಂದು ಅರ್ಥ ಹೇಳಿದೆ.

ಅಜ್ಜಿ ತಲೆದೂಗಿ, ಅದಕ್ಕೇ ಮೇಲಿನ ಹುಳ ಒಂದು ಕಡೆ ನಿಲ್ಲದೆ ಅಲೆಯುತ್ತವೆ ಎಂದರು. ಎಲ್ಲಿದೆ ಎಲ್ಲಿದೆ ಎಂದು ಕೇಳುತ್ತಿದ್ದರೆ ಪಾಪ ಅವಾದರೂ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ.

ಕೊರಿಯನ್ ಹೇಳಿದೆ. ‘ಮುಲ್ ಜುಸೆಯೊ.’ ದಯವಿಟ್ಟು ನೀರು ಕೊಡಿ ಎಂದರ್ಥ. ಇಡೀ ಜಗಲಿ ದಿಗಿಲುಬಿತ್ತು. ಸೊಪ್ಪಿನಲ್ಲಿ ಒಂದು ಹನಿ ತೇವ ಉಳಿದರೂ ಹುಳು ಕೆಡುತ್ತದೆಂದು ಒರೆಸಿ ಒರೆಸಿ ಹಾಕುವ ಜನ ನಾವು. ಹುಳು ಮನೆಯಲ್ಲಿ ನಿಂತು ನೀರು ಕೊಡಿ ಎಂದು ಬೇಡಿಕೊಂಡವಳನ್ನು ನೋಡಿ ಅಮ್ಮ ಕೂಡ ತಲೆ ತಗ್ಗಿಸಿದಳು.

ಇನ್ನು ಸ್ಪ್ಯಾನಿಷ್. ಇಲ್ಲಿ ಸ್ವಲ್ಪ ತಡೆದೆ. ಸುಳ್ಳು ಅರ್ಥ ಹೇಳಬಹುದಿತ್ತು, ಆದರೆ ನನಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ‘ಎಲ್ ಗಾತೊ ದೆ ಮಿ ತೀಯ ಬೇಬೆ ಲೆಚೆ’ ಎಂದೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ, ನನ್ನ ಚಿಕ್ಕಮ್ಮನ ಬೆಕ್ಕು ಹಾಲು ಕುಡಿಯುತ್ತದೆ ಎಂದು ಅರ್ಥ ಹೇಳಿದೆ.

ಜಗಲಿಯವರೆಲ್ಲ ಚಿಕ್ಕಮ್ಮನ ಕಡೆ ತಿರುಗಿದರು. ನಾನು ಚಿಕ್ಕಮ್ಮ ಎಂದು ಕರೆಯುವುದು ಆಂಜಿನಮ್ಮನವರೊಬ್ಬರನ್ನೇ. ಬೆಕ್ಕಿರುವುದು ಅವರ ಮನೆಯಲ್ಲೇ. ಹಾಲು ರೋಗ ಬಂದಿರುವುದೂ ಅವರ ಹುಳುಗಳಿಗೇ. ಅದೇ ಹೊತ್ತಿಗೆ ಆ ಬೆಕ್ಕು ಕಾಂಪೌಂಡ್ ಮೇಲೆ ಬಂದು ಕೂತು ಬಾಯಿ ನೆಕ್ಕಿಕೊಂಡಿತು. (ದೇವರಾಣೆಗೂ ಇದು ಸೇರಿಸಿದ್ದಲ್ಲ.)

‘ದೇವುಡಾ’ ಎಂದು ಚಿಕ್ಕಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು.

ನಾನು ಅಳುವುದರಲ್ಲಿದ್ದೆ. ಇದು ಪಾಠದ ವಾಕ್ಯ, ಲೋಕದಲ್ಲಿ ಸ್ಪ್ಯಾನಿಷ್ ಕಲಿಯುವವರೆಲ್ಲ ಇಂಥದ್ದನ್ನೇ ಹೇಳಬೇಕಾಗುತ್ತದೆ ಎಂದೆ. ‘ಯಾರ ಮನೆ ಬೆಕ್ಕು ಹಾಲು ಕುಡುದ್ರೆ ಲೋಕಕ್ಕೇನಮ್ಮ? ಇದನ್ನ ಕಲಿಯೋಕೆ ಯಾರಾದ್ರೂ ದಿನಗಟ್ಲೆ ಕೂತ್ಕೋತಾರಾ?’ ಎಂದು ಕೋನಪ್ಪ ತಾತ ಕೇಳಿದರು.

ಉಳಿದದ್ದು ಜರ್ಮನ್. ‘ಡೆರ್ ಯುಂಗೆ ಇಸ್ಟ್ ಐನೆನ್ ಆಪ್ಫೆಲ್.’ ಹುಡುಗ ಸೇಬು ತಿನ್ನುತ್ತಾನೆ.

‘ತಿನ್ನೋದಿದೆ ನೋಡು ಅದ್ರಲ್ಲಿ’ ಎಂದು ಅಜ್ಜಿ ತೊಡೆ ತಟ್ಟಿದರು. ‘ಅದಕ್ಕೇ ಅವು ಹಂಗೆ ತಿಂತಾವೆ.’

ಜಗಲಿಯ ಗಾಳಿ ಒಮ್ಮೆಗೇ ತಿರುಗಿತು. ಎಲ್ಲರೂ ಕಾಲು ಅದ್ದಿಕೊಂಡು, ಬಾಗಿಲಲ್ಲೇ ನಿಂತು ಜರ್ಮನ್ ಅಂತಸ್ತನ್ನು ಕಣ್ಣಾರೆ ಕಂಡರು. ಕೋನಪ್ಪ ತಾತ ಅಲ್ಲಿಯೇ ತೀರ್ಪು ಕೊಟ್ಟರು. ಬೆಕ್ಕಿನ ಮಾತು ಇನ್ನು ಈ ಊರಿನಲ್ಲಿ ಎತ್ತಕೂಡದು. ನೀರಿನದೂ ಸ್ಟೇಷನ್ನಿನದೂ ಬೇಡ. ಸೇಬಿನದು ಇರಲಿ. ಮುಂದಿನ ಬೆಳೆಗೆ ಹುಡುಗಿ ಆಂಜಿನಮ್ಮನ ಹುಳು ಮನೆಗೂ ಹೋಗಿ ಸೇಬು ಹೇಳಬೇಕು. ಹೋಗದಿದ್ದರೆ ಅವಳ ಮನಸ್ಸಿನಲ್ಲಿ ಏನೋ ಇದೆ ಎಂದೇ ಲೆಕ್ಕ.

ಬೆಳೆ ಚೆನ್ನಾಗಿ ಬಂತು. ಅಪ್ಪ ಗೂಡಿನ ಮಾರುಕಟ್ಟೆಯಿಂದ ನಗುತ್ತ ಬಂದು ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟರು. ನನ್ನ ಅಪ್ಪ ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ ಎಂದುಕೊಂಡಿದ್ದೆ. ಆಚೆ ಈಚೆ ನೋಡಿ, ತಗ್ಗಿದ ದನಿಯಲ್ಲಿ, ‘ಈ ಸಾರಿ ನಾಲ್ಕೂ ಅಂತಸ್ತಿಗೂ ಜರ್ಮನ್ನೇ ಹಾಕ್ಬಿಡಮ್ಮ’ ಎಂದರು, ಗೊಬ್ಬರದ ವಿಷಯ ಹೇಳುವವರ ಹಾಗೆ.

ಹೀಗೆ ನನ್ನ ನಾಲ್ಕು ಭಾಷೆಗಳಲ್ಲಿ ಮೂರು ನಿಷೇಧವಾಗಿ, ಉಳಿದ ಒಂದರಲ್ಲಿ ಒಂದೇ ವಾಕ್ಯ ಉಳಿಯಿತು. ಕರಡಿ ದಿನಾ ಮುಂದಿನ ಪಾಠಕ್ಕೆ ಕರೆಯುತ್ತದೆ. ನಾನು ಹೋಗುವಂತಿಲ್ಲ. ಒಂದು ದಿನ ಬೇಸರವಾಗಿ, ಏನೂ ಹೇಳದೆ ಸೊಪ್ಪು ಹಾಕಿ ಹೊರಗೆ ಬಂದೆ. ಅರ್ಧ ದಾರಿಯಲ್ಲಿ ನನಗೇ ಅನುಮಾನ ಶುರುವಾಗಿ ವಾಪಸ್ಸು ಹೋಗಿ ಹೇಳಿ ಬಂದೆ. (ಇದನ್ನು ಯಾರಿಗೂ ಹೇಳಬೇಡಿ.)

ಮೊನ್ನೆ ಆಂಜಿನಮ್ಮ ಚಿಕ್ಕಮ್ಮನ ಹೊಸ ಹುಳುಗಳಿಗೆ ಸೊಪ್ಪು ಹಾಕಲು ಹೋಗಿದ್ದೆ. ಕೆಳಗಿನ ಅಂತಸ್ತಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದೆ. ಅಕ್ಕಪಕ್ಕ ಯಾರೂ ಕಾಣಲಿಲ್ಲ. ಧೈರ್ಯ ಮಾಡಿ ಹೊಸ ಪಾಠದ ವಾಕ್ಯವನ್ನು ಮೆಲ್ಲಗೆ ಹೇಳಿದೆ. ‘ದಾಸ್ ಮೇಡ್ಶೆನ್ ಇಸ್ಟ್ ಬ್ರೋಟ್.’ ಹುಡುಗಿ ಬ್ರೆಡ್ ತಿನ್ನುತ್ತಾಳೆ. ಇದರಲ್ಲೂ ತಿನ್ನುವುದಿದೆ, ಯಾರಿಗೂ ನಷ್ಟವಿಲ್ಲ.

ಕಿಟಕಿಯ ಬಲೆಯ ಆಚೆ ಹುಣಸೆಹಣ್ಣು ಬಿಡಿಸುವ ಸದ್ದು ನಿಂತಿತು.

‘ಚೈತೂ, ಅದಲ್ಲ ಕಣಮ್ಮ’ ಎಂದಿತು ಅಜ್ಜಿಯ ದನಿ. ‘ಡೆರ್ ಯುಂಗೆ.’

‘ಇಸ್ಟ್ ಐನೆನ್ ಆಪ್ಫೆಲ್’ ಎಂದು ಆಂಜಿನಮ್ಮ ಚಿಕ್ಕಮ್ಮ ಮುಗಿಸಿದರು. ‘ಐನೆನ್ ಅನ್ನೋದನ್ನ ನಿನ್ನೆ ಕೂಡ ನುಂಗಿದ್ಲು ಅತ್ತೆ, ನಾನು ಸುಮ್ನಿದ್ದೆ.’

ಅವರ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನನ್ನ ಕಾಲುಗಳು ತಾವಾಗಿಯೇ ಎದ್ದು ನಿಂತವು. ಕೈ ಕಟ್ಟಿಕೊಂಡು, ಮೊದಲಿನಿಂದ ಕೊನೆಯವರೆಗೆ, ಐನೆನ್ ನುಂಗದೆ ಹೇಳಿದೆ.

ಅಜ್ಜಿ ಬಲೆಯ ಆಚೆಯಿಂದ, ‘ಸರಿ, ಕೂತ್ಕೋ’ ಎಂದರು.