ಬಾಳೆತೋಟದಲ್ಲಿ ಹರಿಯುತ್ತಿರುವ ಗೋದಾವರೀ ತಾಯಿಯವರ ಸನ್ನಿಧಿಗೆ

ಮಾನ್ಯರೇ,

ತ್ರ್ಯಂಬಕದಲ್ಲಿ ಜನಿಸಿ, ನಾನಾ ನಾಡುಗಳನ್ನು ಪಾವನಗೊಳಿಸುತ್ತ ಬಂದು, ಸಮುದ್ರಕ್ಕೆ ಇನ್ನೆರಡೇ ಹರದಾರಿ ಇರುವಾಗ ಅದೇಕೋ ಮನಸ್ಸು ಬದಲಾಯಿಸಿ ನಮ್ಮ ಮೊಗಲಿಲಂಕ ಗ್ರಾಮದ ಹಿತ್ತಿಲಿಗೆ ದಯಮಾಡಿಸಿರುವ ಗೋದಾವರೀ ತಾಯಿಯವರ ಪಾದಾರವಿಂದಗಳಿಗೆ, ಅದೇ ಗ್ರಾಮದ ವೃದ್ಧ ನಿವಾಸಿ ಗುಳ್ಳಪಲ್ಲಿ ಸೋಮಯಾಜುಲು ಮಾಡುವ ಸಾಷ್ಟಾಂಗ ಪ್ರಣಾಮಗಳು. ತಮ್ಮ ಕ್ಷೇಮವನ್ನು ದಿನಕ್ಕೆರಡು ಬಾರಿ, ಉಬ್ಬರದ ಹೊತ್ತಿಗೆ, ನನ್ನ ಹಿತ್ತಿಲ ಬಾಗಿಲಲ್ಲಿ ನಿಂತೇ ಕಾಣುತ್ತಿರುವುದರಿಂದ ಅದನ್ನು ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯ ಬೀಳಲಿಲ್ಲ, ಕ್ಷಮಿಸಬೇಕು.

ಎರಡು ವರ್ಷಗಳ ಹಿಂದಿನ ಶ್ರಾವಣದವರೆಗೆ ತಾವು ನಮ್ಮೂರಿನ ಉತ್ತರಕ್ಕೆ ಹರಿಯುತ್ತಿದ್ದಿರಿ. ಆ ವರ್ಷದ ನೆರೆಯಲ್ಲಿ ಹಳೆಯ ಪಾತ್ರವನ್ನು ಮರಳಿಗೆ ಬಿಟ್ಟುಕೊಟ್ಟು, ಊರಿನ ದಕ್ಷಿಣಕ್ಕಿದ್ದ ಬಾಳೆತೋಟಗಳನ್ನು ಸೀಳಿ ಹೊಸ ದಾರಿ ಮಾಡಿಕೊಂಡಿರಿ. ತಮ್ಮ ಮಧ್ಯಧಾರೆಯೇ ಎರಡು ಜಿಲ್ಲೆಗಳ ಗಡಿಯೆಂದು ದೊರೆಗಳ ಕಾಲದ ನಕಾಶೆಯಲ್ಲಿ ಬರೆದಿರುವ ಸಂಗತಿ ತಮ್ಮ ಗಮನಕ್ಕೆ ಬಂದಿರಲಾರದು. ಆದಕಾರಣ ಈಗ ನಮ್ಮ ಕಾಲುಗಳು ಉತ್ತರದ ಜಿಲ್ಲೆಯ ಮಣ್ಣಿಗೆ ಅಂಟಿಕೊಂಡಿವೆ, ನಮ್ಮ ಕಾಗದಪತ್ರಗಳು ದಕ್ಷಿಣದ ಜಿಲ್ಲೆಯಲ್ಲಿವೆ, ನಡುವೆ ತಾವಿದ್ದೀರಿ. ಪ್ರೌಢಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲವೂ ತಮ್ಮ ಆಚೆ ದಡದ ಪಾಲಾಗಿವೆ.

ನನ್ನ ಸ್ವಂತ ಸಂಕಟವನ್ನು ಮೊದಲು ಹೇಳಿ ಮುಗಿಸುತ್ತೇನೆ. ಉಪನಯನವಾದಂದಿನಿಂದ, ಅಂದರೆ ಅರವತ್ತೆಂಟು ವರ್ಷಗಳಿಂದ, ಪ್ರತಿದಿನ ಬೆಳಿಗ್ಗೆ ಸಂಕಲ್ಪ ಮಾಡುವಾಗ ನಾನು ಕುಳಿತಿರುವ ಠಾವನ್ನು 'ಗೋದಾವರ್ಯಾಃ ದಕ್ಷಿಣೇ ತೀರೇ' ಎಂದು ದೇವತೆಗಳಿಗೆ ಅರಿಕೆ ಮಾಡಿಕೊಳ್ಳುತ್ತ ಬಂದವನು. ತಾವು ಮನೆ ಬದಲಾಯಿಸಿದ ಮೇಲೆ ನಾನು ಕೂತಲ್ಲೇ ಉತ್ತರ ತೀರದವನಾದೆ. ಯಾವುದನ್ನು ಉಚ್ಚರಿಸಲಿ ಎಂದು ಕಂದಾಯ ಇಲಾಖೆಗೆ ಬರೆದು ಕೇಳಿದ್ದಕ್ಕೆ, 'ದಾಖಲೆಯ ಪ್ರಕಾರ ದಕ್ಷಿಣ ತೀರ' ಎಂಬ ಉತ್ತರ ಮೊಹರಿನೊಡನೆ ಬಂದಿತು. ಅಂದಿನಿಂದ ನಾನು ದೇವತೆಗಳ ಮುಂದೆ ದಿನವೂ ಸುಳ್ಳಾಡುತ್ತಿದ್ದೇನೆ; ಅದು ಸರ್ಕಾರದ ದೃಢೀಕರಣ ಪಡೆದ ಸುಳ್ಳಾದ್ದರಿಂದ ಅವರು ಮನ್ನಿಸುವರೆಂಬ ಭರವಸೆಯಿದೆ.

ಆದರೆ ಈ ಪತ್ರ ಬರೆಯುತ್ತಿರುವುದು ನನ್ನ ಸಂಕಲ್ಪಕ್ಕಾಗಿ ಅಲ್ಲ, ಒಂಬತ್ತು ಹೆಣ್ಣುಮಕ್ಕಳಿಗಾಗಿ. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಆಚೆ ದಡದ ಶಾಲೆಯಲ್ಲಿ ಅವರ ಹತ್ತನೆಯ ತರಗತಿಯ ಪರೀಕ್ಷೆ ಆರಂಭವಾಗುತ್ತದೆ. ಭೂಮಾರ್ಗವಾಗಿ ಹೋಗುವುದಾದರೆ ಮರಳು ದಾಟಿ, ಮೇಲಿನ ಸೇತುವೆ ಸುತ್ತಿ, ಐವತ್ತನಾಲ್ಕು ಕಿಲೋಮೀಟರು. ಮೊದಲ ಬಸ್ಸು ಹೊರಡುವುದೇ ಒಂಬತ್ತೂವರೆಗೆ. ನಮ್ಮ ಲಂಕೆಯಲ್ಲಿ, ಅಂದರೆ ತಮ್ಮ ಕವಲುಗಳ ನಡುವಿನ ಈ ನಡುಗಡ್ಡೆಯಲ್ಲಿ, ಪರೀಕ್ಷೆ ತಪ್ಪಿದ ಹುಡುಗಿಗೆ ಎರಡನೆಯ ಬಾರಿ ಪುಸ್ತಕ ಕೊಡಿಸುವ ವಾಡಿಕೆಯಿಲ್ಲ, ಗಂಡು ಹುಡುಕುವ ವಾಡಿಕೆಯಿದೆ.

ಅಂಬಿಗ ಓಲೇಟಿ ಏಡುಕೊಂಡಲುವಿನ ದೋಣಿ ಇತ್ತಲ್ಲ ಎಂದು ತಾವು ಕೇಳಬಹುದು. ಅದನ್ನು ಹೋದ ತಿಂಗಳು ಕಂದಾಯದವರು ತೆಂಗಿನ ಮರಕ್ಕೆ ಸರಪಳಿ ಹಾಕಿ ಬಿಗಿದು, ಬೀಗಕ್ಕೆ ಅರಗಿನ ಮುದ್ರೆಯೊತ್ತಿದ್ದಾರೆ. ಬಾಳೆತೋಟದಲ್ಲಿ ಅನಧಿಕೃತವಾಗಿ ದೋಣಿ ನಡೆಸಿದನೆಂಬುದು ಆಪಾದನೆ. ಅವನ ಪರವಾನಗಿ ಇರುವುದು ಉತ್ತರದ ಹಳೆಯ ಪಾತ್ರಕ್ಕೆ. ಅಲ್ಲೀಗ ದನಗಳು ಮಲಗುತ್ತವೆ.

ಮೊನ್ನೆ ನಾನು, ಏಡುಕೊಂಡಲು, ಮತ್ತು ಪರೀಕ್ಷೆಗೆ ಕೂರುವ ಸತ್ಯವೇಣಿಯ ಅಜ್ಜಿ ಬುಲ್ಲೆಮ್ಮ, ಮೂರು ಬಸ್ಸು ಹತ್ತಿಳಿದು ತಹಸೀಲ್ದಾರರ ಮುಂದೆ ನಿಂತೆವು. ಆಕೆ ಎಳೆಯ ವಯಸ್ಸಿನವರು, ಸೌಜನ್ಯವಂತರು, ನನಗೆ ಕುರ್ಚಿ ಹಾಕಿಸಿದರು.

"ನದಿ ಅಲ್ಲಿ ಹರೀತಿದೆ ಅಂತ ನಂಗೂ ಗೊತ್ತು, ತಾತಗಾರೂ. ಆದ್ರೆ ಹೊಸ ಸರ್ವೆ ಆಗೋವರೆಗೂ ಇನ್ನೂರ ಹದಿನಾಲ್ಕನೇ ನಂಬರು ಬಾಳೆತೋಟಾನೇ. ತೋಟದಲ್ಲಿ ದೋಣಿ ಓಡ್ಸೋಕೆ ನಾನು ಹೇಗೆ ಪರ್ಮಿಟ್ ಕೊಡ್ಲಿ, ನೀವೇ ಹೇಳಿ" ಎಂದರು.

"ಪರ್ಮಿಟ್ ಇರೋ ಕಡೆ ನೀರಿಲ್ಲ, ನೀರಿರೋ ಕಡೆ ಪರ್ಮಿಟ್ ಇಲ್ಲ. ದೋಣೀನ ತಲೆ ಮೇಲೆ ಹೊತ್ಕೊಂಡು ಮರಳಲ್ಲಿ ತಿರುಗ್ಲಾ, ಅಮ್ಮಗಾರೂ?" ಎಂದು ಏಡುಕೊಂಡಲು ಗೊಣಗಿದ.

ಬುಲ್ಲೆಮ್ಮ ಅವನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದಳು. "ನೀನ್ ಸುಮ್ನಿರೋ. ನೋಡು ತಾಯಿ, ಅದು ತೋಟಾನೇ ಆದ್ರೆ ನಮ್ ತೋಟ. ನನ್ ಗಂಡ ಅಗೆದು ನೆಟ್ಟಿದ್ದು. ನಮ್ ತೋಟದಲ್ಲಿ ನಾವು ಬಂಡಿ ಹೊಡ್ಕೊಂಡ್ ಹೋಗಕ್ಕೂ ಪರ್ಮಿಟ್ ಬೇಕಾ?"

"ಬಂಡಿಗೆ ಯಾಕಮ್ಮಾ ಪರ್ಮಿಟ್ಟು? ಬೇಡ."

"ಹಂಗಾದ್ರೆ ಬಂಡಿ ಅಂತ್ಲೇ ಬರ್ಕೋ."

ತಹಸೀಲ್ದಾರರು ಒಂದು ಕಾಗದವನ್ನು ಹತ್ತಿರ ಎಳೆದುಕೊಂಡರು. ಬಳಿಕ ಮುಖದ ಒಂದು ಗೆರೆಯೂ ಅಲುಗದಂತೆ, ಸದರಿ ತೋಟದ ಮೂಲಕ ಶಾಲಾ ಬಾಲಕಿಯರನ್ನು ಒಯ್ಯಲು ಓಲೇಟಿ ಏಡುಕೊಂಡಲುವಿನ ಒಂದು ಬಂಡಿಯನ್ನು, ಬಾಳೆಗಿಡಗಳಿಗೆ ಧಕ್ಕೆಯಾಗದಂತೆ, ಬಳಸಲು ಅಡ್ಡಿಯಿಲ್ಲವೆಂದು ಬರೆದು, ಸರಪಳಿ ಬಿಚ್ಚಲು ಆಜ್ಞೆ ಮಾಡಿದರು. ಹೊರಗೆ ಬಂದ ಏಡುಕೊಂಡಲುವಿಗೆ ಹೊಸ ಚಿಂತೆ ಹತ್ತಿತು. "ಯಾರಾದ್ರೂ ತಡ್ದು, ಬಂಡಿಗೆ ಎತ್ತು ಎಲ್ಲೋ ಅಂದ್ರೆ?"

"ಯಾಕೆ, ನೀನಿಲ್ವಾ?" ಎಂದಳು ಬುಲ್ಲೆಮ್ಮ.

ಹೀಗೆ ರಾಜಾಜ್ಞೆ ದೊರಕಿತು. ಇನ್ನು ಬೇಕಾಗಿರುವುದು ತಮ್ಮ ಅನುಮತಿ. ಪೂರ್ವದಲ್ಲಿ ಸಪ್ತರ್ಷಿಗಳು ತಮ್ಮನ್ನು ಏಳು ಕವಲಾಗಿ ವಿಂಗಡಿಸಿದಾಗ ಸಮಿತಿಯಿಲ್ಲದೆ, ಆಕ್ಷೇಪಣೆಯಿಲ್ಲದೆ ಒಪ್ಪಿ ನಡೆದ ತಮ್ಮ ಔದಾರ್ಯವನ್ನು ನೆನೆದು ಈ ಕೆಳಗಿನದನ್ನು ಯಾಚಿಸುತ್ತೇನೆ. ಪರೀಕ್ಷೆಯ ಆರು ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ತಾವು ದಯಮಾಡಿ ಬಾಳೆತೋಟದಂತೆ ವರ್ತಿಸಬೇಕು. ಸಾಧ್ಯವಾದರೆ ಅಲುಗಬಾರದು. ಪೂರ್ಣ ಇಳಿತವಾದರೆ ಬಂಡಿ ಕೆಸರಿನಲ್ಲಿ ಹೂಳುತ್ತದೆ, ಪೂರ್ಣ ಉಬ್ಬರವಾದರೆ ಮಕ್ಕಳು ಶಾಲೆಯ ಬದಲು ಸಮುದ್ರ ಸೇರುತ್ತಾರೆ. ಆದುದರಿಂದ ನಡುವಿನದೊಂದು ಸ್ಥಿತಿಯನ್ನು ಕೈಗೊಂಡು, ದಿನವೂ ಮುಕ್ಕಾಲು ಗಂಟೆ ತಡಮಾಡುವ ಚಂದ್ರನಿಗೂ ಕಚೇರಿಯ ವೇಳೆಯನ್ನು ತಾವೇ ತಿಳಿಯಹೇಳಬೇಕು. ಮೇಲಧಿಕಾರಿಗಳು ಯಾರಾದರೂ ದಡಕ್ಕೆ ಬಂದರೆ ಆ ಕ್ಷಣದಲ್ಲಿ ಒಂದೆರಡು ಗೊನೆಯನ್ನೂ ತೋರಿಸಿದರೆ ಕೃತಾರ್ಥನಾಗುತ್ತೇನೆ.

ತಾಯಿ, ಪರಿಹಾಸ ಇಷ್ಟಕ್ಕೆ ಸಾಕು. ಬುಲ್ಲೆಮ್ಮನಿಗೆ ಹೆಬ್ಬೆಟ್ಟೊತ್ತಲು ಮಾತ್ರ ಬರುತ್ತದೆ. ಇಂದು ಸಂಜೆ ಆಕೆ ತಮ್ಮ ದಡದಲ್ಲಿ ಒಂಬತ್ತು ಹಾಲ್ ಟಿಕೆಟುಗಳನ್ನು ಒಂದೊಂದಾಗಿ ಮೇಣದ ಬಟ್ಟೆಯಲ್ಲಿ ಸುತ್ತಿ, ಮೊದಲು ಅರಿಸಿನ ಹಚ್ಚಿದ್ದು ತಮಗೆ, ಆಮೇಲೆ ದೋಣಿಗೆ. ನಾನು ಓದಿದ ಮಂತ್ರಗಳಲ್ಲೆಲ್ಲ ತಮ್ಮನ್ನು ಪಾಪ ತೊಳೆಯುವವಳೆಂದೇ ಹೊಗಳಿದೆ. ನಾಳೆ ಅದೊಂದು ಕೆಲಸಕ್ಕೆ ಬಿಡುವು ಕೊಟ್ಟು, ಒಂಬತ್ತು ಮಕ್ಕಳನ್ನು ಒಣಗಿದ ಲಂಗದಲ್ಲಿ ದಾಟಿಸಿಬಿಡಿ.

ತಾವು ಯಾವ ದಿಕ್ಕಿಗೆ ಹರಿದರೂ ತಮ್ಮ ವಿಶ್ವಾಸಿ,
ಗುಳ್ಳಪಲ್ಲಿ ಸೋಮಯಾಜುಲು
ಮೊಗಲಿಲಂಕ (ತೀರವನ್ನು ತಾವೇ ತುಂಬಿಕೊಳ್ಳಬೇಕು)

ವಿ.ಸೂ.: ಪತ್ರವನ್ನು ತಮ್ಮಲ್ಲಿ ಬಿಡುವ ಮೊದಲೇ ಮೊದಲ ದಿನದ ಪರೀಕ್ಷೆ ಮುಗಿಯಿತು. ಎಂಟೂಕಾಲಿಗೆ ಹೊರಟ ಬಂಡಿ ಎಂಟೂ ಮೂವತ್ತೈದಕ್ಕೆ ಆಚೆ ದಡ ಮುಟ್ಟಿತು. ಒಂಬತ್ತು ಮಂದಿಯೂ ಬರೆದು ಬಂದರು. ಹೊಸ ಸರ್ವೆ ಕೋರಿ ಎರಡು ವರ್ಷದಿಂದ ಕಚೇರಿಯಲ್ಲಿರುವ ನಮ್ಮ ಅರ್ಜಿಗೆ ಬಾರದ ಉತ್ತರ, ತಾವಿನ್ನೂ ಓದದ ಪತ್ರಕ್ಕೆ ತಮ್ಮಿಂದ ಬಂದುದಕ್ಕೆ ವಂದನೆಗಳು. ಅಂದ ಹಾಗೆ, ಈ ಸಾಲಿನ ಬೆಳೆ ಪರಿಶೀಲನೆಯ ವರದಿ ಇಂದು ಗ್ರಾಮಕ್ಕೆ ಬಂದಿದೆ. ಇನ್ನೂರ ಹದಿನಾಲ್ಕನೆಯ ನಂಬರಿನ ಎದುರು ಹೀಗೆ ನಮೂದಿಸಿದ್ದಾರೆ: 'ಬಾಳೆ. ನೀರಿನ ಸೌಕರ್ಯ ಉತ್ತಮ.'