ಮಂಜಯ್ಯನವರ ಸ್ಟೇಟಸ್ ಕೋ

ಕೋರ್ಟಿನಲ್ಲಿ ಗೆದ್ದ ಗಂಡಸನ್ನು ಮನೆಯಲ್ಲಿ ಯಾರೂ ಕ್ಯಾರೇ ಅನ್ನುವುದಿಲ್ಲವೆಂಬುದು ಬಾಳೂರಿನ ಮಂಜಯ್ಯನವರಿಗೆ ಗೆದ್ದ ದಿನವೇ ಗೊತ್ತಾಯಿತು. ಗೆಲುವೆಂದರೆ ಪೂರ್ತಿ ಗೆಲುವೂ ಅಲ್ಲ ಬಿಡಿ. ಪಕ್ಕದ ಮನೆಯ ತಮ್ಮ ನಿಂಗಯ್ಯ, ಇಬ್ಬರ ಮನೆಗಳ ನಡುವಿನ ಕಾಫಿ ಕಣಕ್ಕೆ ಅಡ್ಡಗೋಡೆ ಕಟ್ಟಲು ಹೊರಟಿದ್ದ. ಅದನ್ನು ತಡೆಯಲು ಮಂಜಯ್ಯನವರು ಹಾಕಿದ ಕೇಸಿಗೆ ಕೋರ್ಟು 'ಸ್ಟೇಟಸ್ ಕೋ' ಅಂದಿತು, ಅಷ್ಟೇ.

"ಹಂಗಂದ್ರೇನು ಸ್ವಾಮಿ?"

"ಲ್ಯಾಟಿನ್ ಮಾತು ಗೌಡ್ರೇ. ಇವತ್ತು ಹೆಂಗಿದೆಯೋ ಹಂಗೇ ಇರ್ಬೇಕು ಅಂತ," ಎಂದು ವಕೀಲ ಓಂಕಾರಮೂರ್ತಿ ಬಿಡಿಸಿ ಹೇಳಿದರು. ಮೂಡಿಗೆರೆಯಿಂದ ಜೀಪು ಊರು ಸೇರುವಷ್ಟರಲ್ಲಿ ಮಂಜಯ್ಯನವರಿಗೆ ಆ ಮಹಾಮಂತ್ರ ಬಾಯಿಪಾಠವಾಗಿತ್ತು. (ಹಿಂದಿನ ಸೀಟಿನಲ್ಲಿ ಪ್ರತಿವಾದಿ ನಿಂಗಯ್ಯನೂ ಇದ್ದ. ಆ ಹೊತ್ತಿಗೆ ಬಸ್ಸಿಲ್ಲವಲ್ಲ, ಪಾಪ!)

ಮನೆಗೆ ಬಂದವರೇ ಹೆಂಡತಿ ರಂಗಮ್ಮನಿಗೆ ಆ ಮಂತ್ರವನ್ನು ಅರ್ಥಸಹಿತ ಒಪ್ಪಿಸಿ, ರಾಜಾಜ್ಞೆ ಹೊರಡಿಸಿದರು. "ನಾಳೆಯಿಂದ ಅವ್ನಿಗೆ ಬೆಳಗಿನ ಕಾಫಿ ಬಂದ್!"

ಜಗಳ ಏನೇ ಇರಲಿ, ನಿಂಗಯ್ಯ ಬೆಳಗಿನ ಕಾಫಿ ಕುಡಿಯುವುದು ಅಣ್ಣನ ಜಗಲಿಯಲ್ಲೇ. ಅವರಮ್ಮ ಇದ್ದಾಗಿನಿಂದ ನಡೆದುಬಂದ ಪದ್ಧತಿ.

"ಅದು ಹೆಂಗಾಗುತ್ತೆ? ಇದ್ದಂಗೇ ಇರ್ಬೇಕು ಅಂತ ಜಡ್ಜೇ ಹೇಳಿದಾರಲ್ಲ," ಎಂದರು ರಂಗಮ್ಮ.

"ಅದು ಕಣಕ್ಕೆ ಮಾತ್ರ ಮಾರಾಯ್ತಿ!"

"ಮೈದ್ನ ಬರೋದು ಕಣ ದಾಟಿಯೇ ತಾನೇ? ತಡೆದು ನೋಡಿ, ಜೈಲಿಗೆ ಬುತ್ತಿ ನಾನಂತೂ ತರಲ್ಲ."

ಮಂಜಯ್ಯನವರ ಕಾನೂನು ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಒಳಗೊಳಗೇ ಸಮಾಧಾನವೂ ಆಯಿತೆನ್ನಿ. ಅದನ್ನು ಹೆಂಡತಿಯ ಮುಂದೆ ಹೇಳುವುದುಂಟೇ?

ಮರುದಿನ ಬೆಳಿಗ್ಗೆ ನಿಂಗಯ್ಯನೇ ಬರಲಿಲ್ಲ.

ಮಂಜಯ್ಯನವರು ಜಗಲಿಗೂ ಒಳಕ್ಕೂ ಓಡಾಡಿದರು. ಗೋಡೆಗೆಂದು ತಂದ ಇಟ್ಟಿಗೆ ಕಣದ ಮೂಲೆಯಲ್ಲಿ ಬಿದ್ದಿತ್ತು, ತಮ್ಮನ ಬಾಗಿಲು ಮುಚ್ಚಿತ್ತು. ಊರಲ್ಲಿದ್ದೂ ಅವನು ಕಾಫಿಗೆ ಬಾರದ ದಿನ ಅವರಿಗೆ ನೆನಪೇ ಇಲ್ಲ. ಗೋಡೆ ತಡೆಯಲು ಹೋಗಿ ತಮ್ಮನನ್ನೇ ಕಳೆದುಕೊಂಡೆನೇ? ಬಿಂಕ ಬಿಟ್ಟು ಹೋಗಿ ಬಾಗಿಲು ತಟ್ಟಿದರು.

"ಬಾರೋ ಮಾರಾಯ, ಕೋರ್ಟ್ ಆರ್ಡರ್ ಇದೆ. ನೀನು ಬರ್ದಿದ್ರೆ ನನ್ನ ಹಿಡ್ಕೊಂಡು ಹೋಗ್ತಾರೆ!"

ನಿಂಗಯ್ಯ ಹೆಗಲಿಗೆ ಟವೆಲ್ ಹಾಕಿಕೊಂಡು ಅಣ್ಣನ ಹಿಂದೆ ಬಂದ.

"ಎರಡು ಕಾಫಿ ಕಣೇ!" ಮಂಜಯ್ಯನವರು ಗೆಲುವಾಗಿ ಕೂಗಿದರು.

ಕಂಬಳಿಯೊಳಗಿಂದ ರಂಗಮ್ಮನ ದನಿ ಬಂತು. "ನಿನ್ನೆ ಬೆಳಿಗ್ಗೆ ನಂಗೆ ತಲೆನೋವು. ಕಾಫಿ ಮಾಡಿದ್ದು ಯಾರು?"

"...ನಾನು."

"ಮತ್ತೆ? ಆರ್ಡರ್ ಆಗಿದ್ದೂ ನಿನ್ನೇನೇ ಅಲ್ವಾ?"

ಮಂಜಯ್ಯನವರು ಒಲೆಯ ಮುಂದೆ ಕೂತರು. ಹೊಗೆಯೋ ಇನ್ನೇನೋ, ಕಣ್ಣು ಒದ್ದೆಯಾಗಿತ್ತು. ಲೋಟ ಹಿಡಿದು ಜಗಲಿಗೆ ಬಂದಾಗ ನಿಂಗಯ್ಯ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಸಕ್ರೆ ಹಾಕಿಲ್ಲ ಅಣ್ಣಯ್ಯ."

"ಅಯ್ಯೋ, ಕೊಡಿಲ್ಲಿ, ಹಾಕಿ ತರ್ತೀನಿ!"

ನಿಂಗಯ್ಯ ಲೋಟವನ್ನು ಭದ್ರವಾಗಿ ಹಿಡಿದುಕೊಂಡ. "ನಿನ್ನೆಯೂ ನೀನು ಹಾಕಿರ್ಲಿಲ್ಲ. ಈಗ ಹಾಕಿದ್ರೆ ನಿನ್ನ ಮೇಲೆ ನಾನೇ ಕೇಸ್ ಹಾಕ್ಬೇಕಾಗುತ್ತೆ."